ಗಾಳಿ ಬಂದೂಕಿನ ಕುದುರೆ

1989ರಲ್ಲಿ ರೈತರು ತಮ್ಮದೇ ಹಣ, ದುಡಿಮೆಗಳಿಂದ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಬ್ಯಾರೇಜಿನಲ್ಲಿ ನೀರನ್ನು ತಡೆಯುವುದು ಬಾಗಿಲು. ಗಾಳಿ ಬಂದೂಕಿನಲ್ಲಿ ಅದುಮಿದ ಸ್ಪ್ರಿಂಗನ್ನು ತಡೆಯುವುದು ಒಂದು ಸಣ್ಣ ಉಕ್ಕಿನ ಕೊಂಡಿ. ಕುದುರೆಯನ್ನು, ಎಂದರೆ ಟ್ರಿಗರನ್ನು, ಎಳೆದಾಗ ಕೊಂಡಿ ಜಾರಿ ಪಿಸ್ಟನ್ ಮುನ್ನುಗ್ಗುತ್ತದೆ. ಅದರ ಮುಂದಿನ ಗಾಳಿ ಒತ್ತಲ್ಪಟ್ಟು ಗುಂಡನ್ನು ಹಾರಿಸುತ್ತದೆ.

ಸ್ಪ್ರಿಂಗು 40 ಕಿಲೋಗ್ರಾಂ ತೂಕದಷ್ಟು ಬಲದಿಂದ ಕೊಂಡಿಯನ್ನು ಒತ್ತುತ್ತಿದೆಯೆಂದೂ ಘರ್ಷಣಾಂಕವು 0.1 ಎಂದೂ ಭಾವಿಸೋಣ. ಆಗ ಕೊಂಡಿಯನ್ನು ಜಾರಿಸಲು 4 ಕಿಲೋಗ್ರಾಂ ತೂಕದ ಬಲ ಬೇಕು. ಸನ್ನೆಯ ನಿಯಮದಂತೆ ಕುದುರೆಯು ಇದನ್ನು ಕಾಲುಭಾಗಕ್ಕೆ ಇಳಿಸಿದರೆ, ನಮ್ಮ ಬೆರಳಿನ ಪಾಲಿಗೆ ಬರುವುದು 1 ಕಿಲೋಗ್ರಾಂ.

ಮನೆಯಲ್ಲಿ ಕುದುರೆಯನ್ನು ಹಗುರಗೊಳಿಸಹೊರಟವರು ತಿರುಪನ್ನು ತಿರುಗಿಸಿ ಕೊಂಡಿಯ ಹಿಡಿತದ ಅಗಲವನ್ನು ಕಿರಿದುಗೊಳಿಸುವುದುಂಟು. ಆದರೆ ಘರ್ಷಣೆಯು ತಾಗುವ ಮೈಯ ವಿಸ್ತಾರವನ್ನು ಅವಲಂಬಿಸಿಲ್ಲ. ಆದುದರಿಂದ ಬಲ ಹೆಚ್ಚೇನೂ ತಗ್ಗದು. ಎಳೆಯಬೇಕಾದ ದೂರ ಮಾತ್ರ ಕುಗ್ಗುತ್ತದೆ. ಹಿಡಿತ ತೀರ ಕಿರಿದಾದರೆ, ಬಂದೂಕು ನೆಲಕ್ಕೆ ತಾಗಿದ ಪೆಟ್ಟಿಗೇ ಗುಂಡು ಹಾರಬಹುದು.

ಆದುದರಿಂದ ನಳಿಗೆಯನ್ನು ಮಣ್ಣಿನ ದಿಬ್ಬದತ್ತ ಇರಿಸಿ, ಸ್ಪ್ರಿಂಗ್ ತಕ್ಕಡಿಯಿಂದ ಎಳೆತವನ್ನು ಅಳೆಯುತ್ತ, ತಿರುಪನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸಬೇಕು. ನಳಿಗೆಯನ್ನು ಬಾಗಿಸಿ ತೆರೆದಿರುವಾಗ ಕುದುರೆಯನ್ನು ಮುಟ್ಟಲಾಗದು. ಅಂತರರಾಷ್ಟ್ರೀಯ ಗಾಳಿ ಪಿಸ್ತೂಲ್ ಸ್ಪರ್ಧೆಗಳಲ್ಲಿ ಕುದುರೆಯ ಎಳೆತ 500 ಗ್ರಾಮಿಗಿಂತ ಕಡಿಮೆ ಇರಕೂಡದೆಂಬ ನಿಯಮವಿದೆ. ಅತಿ ಹಗುರವಾದ ಕುದುರೆ ನಮ್ಮ ಇಚ್ಛೆಗೂ ಮೊದಲೇ ಓಡುತ್ತದೆ.