ಕಾಲಿಗೆ ಕಟ್ಟಿದ ಹಲಗೆ

ಹಿಮವೆಂಬುದು ನಮ್ಮಂಥವರಿಗೆ ಪುಸ್ತಕದ ವಸ್ತು. ಮಲೆನಾಡಿನ ಹಳ್ಳಿಯೊಂದರಲ್ಲಿ ಹುಟ್ಟಿ, ಬಯಲುಸೀಮೆಯ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುತ್ತ ನಲವತ್ತು ದಾಟಿದ ನನಗೆ ಹಿಮವಂತನು ಗೊತ್ತಿದ್ದುದು ಪಾರ್ವತಿಯ ತಂದೆಯಾಗಿ, ಶಿವನ ಮಾವನಾಗಿ. ಕಾಲಿಟ್ಟು ಜಾರತಕ್ಕ ನೆಲವಾಗಿ ಅಲ್ಲ. ಇಂಥವನು ಹಿಮದ ಇಳಿಜಾರಿನಲ್ಲಿ ಹಲಗೆ ಕಟ್ಟಿಕೊಂಡು ಜಾರುವವರ ಬೂಟು, ಪಟ್ಟಿ, ಹಲಗೆಗಳ ವಿಚಾರವನ್ನು ಬರೆಯಹೊರಟರೆ ವಾಚಕರು ನಕ್ಕಾರು. ನಗಲಿ. ನಾನು ಬರೆಯುತ್ತಿರುವುದು ಪಾಂಡಿತ್ಯದ ಬಲದಿಂದಲ್ಲ. ಈ ವಿಷಯದಲ್ಲಿ ನಾನು ಕೊಟ್ಟ ಒಂದು ಬುದ್ಧಿವಾದದ ಫಲವನ್ನು ಬೇರೊಬ್ಬರು ಉಣ್ಣಬೇಕಾಯಿತು. ಆ ಋಣ ಇನ್ನೂ ತೀರಿಲ್ಲ.

ಎರಡು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗನಿಗೆ ಆಗ ಹದಿನಾರು ವರ್ಷ. ನೆರೆಹೊರೆಯವರ ಅಂಗಳದ ಹಿಮವನ್ನು ಸಲಿಕೆಯಿಂದ ಎತ್ತಿಹಾಕಿ ಆತ ಒಂದಿಷ್ಟು ಹಣ ಕೂಡಿಸಿದ್ದ. ಅದರಲ್ಲಿ ಒಂದು ಸ್ನೋಬೋರ್ಡ್ ಕೊಳ್ಳಬೇಕೆಂಬುದು ಅವನ ಆಸೆ. “ಮಾವ, ನೀವೂ ಬನ್ನಿ” ಎಂದು ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದ.

ಅಂಗಡಿಯ ಗೋಡೆಯ ತುಂಬ ಹಲಗೆಗಳು ಒರಗಿದ್ದವು. ಒಂದೊಂದರ ಮೇಲೂ ಒಂದೊಂದು ಚಿತ್ರ. ಹುಡುಗನ ಕಣ್ಣು ಬಾಯ್ದೆರೆದ ಹುಲಿಯೊಂದರ ಮೇಲೆ ನಿಂತಿತು. ಅಂಗಡಿಯಾತ ನರೆತ ಗಡ್ಡದ ಮನುಷ್ಯ. ಹುಲಿಯ ಸುದ್ದಿಯನ್ನೇ ಎತ್ತಲಿಲ್ಲ. ನಿನ್ನ ತೂಕವೆಷ್ಟು, ಪಾದದ ಅಳತೆಯೆಷ್ಟು, ಎಂಥ ಗುಡ್ಡದಲ್ಲಿ ಜಾರುತ್ತೀಯೆ ಎಂದು ವೈದ್ಯರು ವಿಚಾರಿಸುವಂತೆ ವಿಚಾರಿಸಿದ. ಕೊನೆಗೆ, ಕಾಲುಚೀಲದಲ್ಲಿ ನಿಲ್ಲಿಸಿ, ಬೆನ್ನ ಹಿಂದಿನಿಂದ ಮೆಲ್ಲನೆ ಒಮ್ಮೆ ನೂಕಿದ. ಹುಡುಗ ಬೀಳದಂತೆ ತಡೆದುಕೊಳ್ಳಲು ಬಲಗಾಲನ್ನು ಮುಂದಿಟ್ಟ. “ಗೂಫಿ” ಎಂದ ಅಂಗಡಿಯಾತ. ಎಡಗಾಲು ಮುಂದಿಟ್ಟು ಜಾರುವವನು ಅವರ ಭಾಷೆಯಲ್ಲಿ ‘ರೆಗ್ಯುಲರ್’, ಬಲಗಾಲು ಮುಂದಿಡುವವನು ‘ಗೂಫಿ’, ಎಂದರೆ ಪೆದ್ದುಪೆದ್ದಾದವನು. ಹೊಸ ಸೊಸೆ ಹೊಸಿಲು ದಾಟುವಾಗ ಬಲಗಾಲಿಟ್ಟು ಬಾ ಎನ್ನುವ ಕುಲದಲ್ಲಿ ಹುಟ್ಟಿದ ನನಗೆ ಈ ನಾಮಕರಣ ಒಪ್ಪಿಗೆಯಾಗಲಿಲ್ಲ. ಆದರೆ ಎರಡರಲ್ಲಿ ಯಾವುದೂ ತಪ್ಪಲ್ಲವೆಂದೂ, ದೇಹ ತಾನಾಗಿ ಆರಿಸಿಕೊಂಡದ್ದನ್ನು ಬದಲಿಸಬಾರದೆಂದೂ ಆತ ಹೇಳಿದ.

ಆಮೇಲೆ ಆತ ಹೇಳಿದ ಮಾತು ಒಂದೆ: “ಮೊದಲು ಬೂಟು ಕೊಳ್ಳಿ. ಹಣ ಉಳಿದರೆ ಹಲಗೆ. ಹಲಗೆ ಬಾಡಿಗೆಗೂ ಸಿಕ್ಕುತ್ತದೆ.” ಹುಡುಗನ ಹಣ ಎರಡಕ್ಕೂ ಸಾಲದು. ಅವನ ಗೆಳೆಯನೊಬ್ಬನ ಹಳೆಯ ಬೂಟು ಇತ್ತು. ಅಳತೆಯಲ್ಲಿ ಒಂದು ಸುತ್ತು ದೊಡ್ಡದು. ಅವನು ನನ್ನ ಮುಖ ನೋಡಿದ.

ನನಗೆ ನನ್ನ ಬಾಲ್ಯ ನೆನಪಾಯಿತು. ಅಣ್ಣನ ಬೂಟಿನ ಮೂತಿಗೆ ಕಾಗದ ತುರುಕಿ ನಾನು ಹೈಸ್ಕೂಲಿಗೆ ಹೋದವನು. ಅದರಿಂದ ನನ್ನ ವಿದ್ಯೆಗೇನೂ ಕುಂದು ಬರಲಿಲ್ಲ. ಅಂಗಡಿಯಾತನ ಮಾತಿನಲ್ಲಿ ನನಗೆ ಕೇಳಿಸಿದ್ದು ವ್ಯಾಪಾರ ಮಾತ್ರ. “ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊ, ಸರಿಹೋಗುತ್ತದೆ. ಹಲಗೆಯನ್ನೇ ಕೊಂಡುಕೊ” ಎಂದೆ. ಹುಲಿ ಮನೆಗೆ ಬಂದಿತು.

ಮೂರನೆಯ ದಿನ ಗುಡ್ಡಕ್ಕೆ ಹೋದೆವು. ನಮ್ಮ ಕಡೆಯ ದಿಣ್ಣೆಗಳಿಗಿಂತ ಹೆಚ್ಚು ಎತ್ತರವಿಲ್ಲದ ಗುಡ್ಡ. ಆದರೆ ರಾತ್ರಿಯ ಚಳಿಗೆ ಅದರ ಮೈ ಗಾಜಿನಂತೆ ಗಟ್ಟಿಯಾಗಿತ್ತು. ಹುಡುಗ ಎದ್ದ, ಬಿದ್ದ, ನಕ್ಕ. ನಾಲ್ಕನೆಯ ಸಲ ಬಿದ್ದಾಗ ನಗಲಿಲ್ಲ. ಮುಂದೆ ಚಾಚಿದ ಕೈ ದೇಹದ ಭಾರವನ್ನೆಲ್ಲ ಹೊತ್ತು ಮಣಿಕಟ್ಟು ಮುರಿದಿತ್ತು. ಹೊಸದಾಗಿ ಈ ಆಟ ಕಲಿಯುವವರಿಗೆ ತೀರ ಸಾಮಾನ್ಯವಾಗಿ ಆಗುವ ಗಾಯಗಳಲ್ಲಿ ಇದೊಂದೆಂದು ವೈದ್ಯರು ಹೇಳಿದರು. ಮಣಿಕಟ್ಟಿನ ಕವಚವನ್ನು ಕೊಳ್ಳುವ ಯೋಚನೆ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ. ಆ ಸಂಜೆ ತಂಗಿ ನನಗೆ ಕಾಫಿ ಕೊಟ್ಟಳು, ಮಾತಾಡಲಿಲ್ಲ. ಬೈದಿದ್ದರೆ ಲೇಸಾಗುತ್ತಿತ್ತು.

ಮರುದಿನ ನಾನೊಬ್ಬನೇ ಆ ಅಂಗಡಿಗೆ ಹೋದೆ. ಗಡ್ಡದ ಮನುಷ್ಯ “ನಾನು ಹೇಳಿರಲಿಲ್ಲವೆ?” ಎನ್ನಲಿಲ್ಲ. ಹಲಗೆಯೊಂದನ್ನು ಮೇಜಿನ ಮೇಲೆ ಮಲಗಿಸಿ ಪಾಠ ಹೇಳಿದ. ಪಾಠ ಹೇಳುವುದನ್ನೇ ವೃತ್ತಿಯಾಗಿ ಉಳ್ಳ ನಾನು ಅಂಥ ಪಾಠವನ್ನು ಕೇಳಿ ಬಹಳ ದಿನವಾಗಿತ್ತು.

ಹಲಗೆಯ ನಡು ಸಣ್ಣ, ಎರಡು ತುದಿಗಳು ಅಗಲ. ಒಳಗೆ ಮರದ ತಿರುಳು, ಅದರ ಮೇಲೂ ಕೆಳಗೂ ಗಾಜಿನ ನಾರಿನ ಪದರ, ಅಡಿಯಲ್ಲಿ ಜಾರುವ ಪ್ಲಾಸ್ಟಿಕ್ ತಳ, ಸುತ್ತ ಉಕ್ಕಿನ ಅಂಚು. ಸವಾರ ಬೆರಳುಗಳನ್ನು ಒತ್ತಿದರೆ ಹಲಗೆ ಒಂದು ಮಗ್ಗುಲಿಗೆ ವಾಲುತ್ತದೆ, ಹಿಮ್ಮಡಿಯನ್ನು ಒತ್ತಿದರೆ ಇನ್ನೊಂದು ಮಗ್ಗುಲಿಗೆ. ವಾಲಿದ ಕಡೆ ಬಾಗಿದ ಅಂಚು ಹಿಮವನ್ನು ಕಚ್ಚುತ್ತದೆ. ಹಲಗೆ ಕಮಾನಿನಂತೆ ತಿರುಗುತ್ತದೆ. ಚುಕ್ಕಾಣಿಯಿಲ್ಲ, ಬ್ರೇಕಿಲ್ಲ, ಇರುವುದು ಪಾದದ ಅಪ್ಪಣೆಯೊಂದೆ. ಅದು ಪಾದದಿಂದ ಬೂಟಿಗೆ, ಬೂಟಿನಿಂದ ಬೈಂಡಿಂಗಿಗೆ, ಬೈಂಡಿಂಗಿನಿಂದ ಅಂಚಿಗೆ ಹೋಗಬೇಕು. ಬೂಟು ಸಡಿಲವಾಗಿದ್ದರೆ ಹಿಮ್ಮಡಿ ಒಳಗೇ ಮೇಲೇಳುತ್ತದೆ; ಅಪ್ಪಣೆ ತಡವಾಗಿ ತಲಪುತ್ತದೆ. ಅಷ್ಟರಲ್ಲಿ ಇಳಿಜಾರಿನ ಕಡೆಯ ಅಂಚು ಹಿಮಕ್ಕೆ ಸಿಕ್ಕಿ ಸವಾರನನ್ನು ಎತ್ತಿ ಒಗೆಯುತ್ತದೆ. ನನ್ನ ಎರಡು ಜೊತೆ ಕಾಲುಚೀಲಗಳು ಮಾಡಿದ ಉಪಕಾರವೆಂದರೆ ಅಪ್ಪಣೆ ಹೋಗುವ ದಾರಿಯಲ್ಲಿ ಇನ್ನೊಂದು ಮೆತ್ತೆಯನ್ನು ಹಾಸಿದ್ದು. ತೆಳ್ಳಗಿನ ಒಂದು ಜೊತೆ, ಬೆರಳು ತುದಿಯನ್ನು ಸೋಕುವಷ್ಟು ಬಿಗಿಯಾದ ಬೂಟು, ಬೇಕಾದುದು ಅಷ್ಟೆ.

“ಹಾಗಾದರೆ ಒಳ್ಳೆಯ ಹಲಗೆ ಯಾವುದು?” ಎಂದು ಕೇಳಿದೆ. ಆತ ನಕ್ಕ. ಬಿಲ್ಲಿನಂತೆ ನಡು ಎದ್ದಿರುವ ಹಲಗೆ ಗಟ್ಟಿ ಹಿಮವನ್ನು ಚೆನ್ನಾಗಿ ಹಿಡಿಯುತ್ತದೆ. ದೋಣಿಯಂತೆ ತುದಿಗಳೆದ್ದಿರುವುದು ಹೊಸ ಹಿಮದ ಹುಡಿಯ ಮೇಲೆ ತೇಲುತ್ತದೆ. ಮೆದುವಾದದ್ದು ಕಲಿಯುವವನ ತಪ್ಪನ್ನು ಮನ್ನಿಸುತ್ತದೆ. ಬಿರುಸಾದದ್ದು ವೇಗದಲ್ಲಿ ಅಲುಗದು, ಆದರೆ ತಪ್ಪನ್ನು ಕ್ಷಮಿಸದು. ಒಂದು ಗುಣವನ್ನು ಪಡೆದವನು ಇನ್ನೊಂದನ್ನು ಬಿಡಲೇಬೇಕು. ಷಟ್ಪದಿಯಲ್ಲಿ ಬರೆಯಹೊರಟ ಕವಿ ರಗಳೆಯ ಓಟವನ್ನು ಬಿಟ್ಟುಕೊಡುವುದಿಲ್ಲವೆ? ಹಾಗೆಯೇ ಇದೂ ಎಂದುಕೊಂಡೆ.

ಹುಡುಗನ ಕೈಗೆ ಕಟ್ಟು ಹಾಕಿದ ಮೇಲೆ ಮನೆಯಲ್ಲಿ ಬೇಸರ. ಒಂದು ಭಾನುವಾರ ಮೂವರೂ ಮಿಷಿಗನ್ ಸರೋವರದ ದಡದ ಮಸ್ಕೀಗನ್ ಪಟ್ಟಣಕ್ಕೆ ಹೋದೆವು. ಈ ಆಟದ ಮೂಲಕಥೆಯೊಂದು ಅಲ್ಲಿಯದು. ಅದರ ನೆನಪಿಗೆ ಊರಿನ ನಡುವೆ ಕಂಚಿನ ಪ್ರತಿಮೆಯೊಂದನ್ನೂ ನಿಲ್ಲಿಸಿದ್ದಾರೆ. ೧೯೬೫ರ ಕ್ರಿಸ್ಮಸ್ ದಿನ ಶೆರ್ಮನ್ ಪಾಪೆನ್ ಎಂಬಾತ, ಗರ್ಭಿಣಿಯಾದ ಹೆಂಡತಿಗೆ ಕೊಂಚ ವಿಶ್ರಾಂತಿ ಸಿಕ್ಕಲೆಂದು ಹೆಣ್ಣುಮಕ್ಕಳನ್ನು ಹೊರಗೆ ಕರೆತಂದು, ಎರಡು ಸ್ಕೀಗಳನ್ನು ಅಕ್ಕಪಕ್ಕ ಜೋಡಿಸಿ ಅವರನ್ನು ಅದರ ಮೇಲೆ ನಿಲ್ಲಿಸಿದ. ಹೆಂಡತಿ ಅದಕ್ಕೆ ಹೆಸರಿಟ್ಟಳು: ‘ಸ್ನೋ’ ಮತ್ತು ‘ಸರ್ಫರ್’ ಸೇರಿ ‘ಸ್ನರ್ಫರ್’. ಈ ಸಂಧಿಯನ್ನು ಯಾವ ಸೂತ್ರದಲ್ಲಿ ಅಡಗಿಸುವುದೆಂದು ನಮ್ಮ ಕೇಶಿರಾಜನಿಗೂ ತೋಚುತ್ತಿರಲಿಲ್ಲ. ಮರುವರ್ಷವೇ ಬ್ರನ್ಸ್‌ವಿಕ್ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. ಅದರಲ್ಲಿ ಪಾದವನ್ನು ಕಟ್ಟುವ ಏರ್ಪಾಡು ಇರಲಿಲ್ಲ. ಮೂತಿಗೆ ಕಟ್ಟಿದ ಹಗ್ಗವನ್ನು ಹಿಡಿದು ಬರಿಯ ಸಮತೂಕದಿಂದ ನಿಲ್ಲಬೇಕಾಗಿತ್ತು. ಕೇಳಿದಾಗ ನನಗೆ ನಮ್ಮೂರಿನ ಅಡಿಕೆ ಹಾಳೆ ನೆನಪಾಯಿತು. ಒಬ್ಬ ಹಾಳೆಯ ಮೇಲೆ ಕೂರುವುದು, ಇನ್ನೊಬ್ಬ ಸೋಗೆಯನ್ನು ಹಿಡಿದು ಎಳೆಯುವುದು. ಮಕ್ಕಳಿಗೆ ಜಾರುವುದಕ್ಕೆ ಹಿಮವೇ ಬೇಕೆಂದಿಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ ಇಂಥ ಸ್ನರ್ಫರನ್ನು ಪಡೆದ ಹುಡುಗರಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ಒಬ್ಬ. ೧೯೭೭ರಲ್ಲಿ ಆತ ವರ್ಮಾಂಟ್ ರಾಜ್ಯದಲ್ಲಿ ತನ್ನದೇ ಹಲಗೆಗಳ ಕೆಲಸವನ್ನು ಆರಂಭಿಸಿದ. ೧೯೭೯ರಲ್ಲಿ ಮಿಷಿಗನ್ನಿನ ಸ್ನರ್ಫರ್ ಸ್ಪರ್ಧೆಗೆ ಬಂದಾಗ ಅವನ ಹಲಗೆಯಲ್ಲಿ ಪಾದವನ್ನು ಹಿಡಿದಿಡುವ ಪಟ್ಟಿಗಳಿದ್ದವು. ಗದ್ದಲವೆದ್ದಿತು. ಕಾಲನ್ನು ಕಟ್ಟಿಕೊಂಡವನು ನಮ್ಮೊಡನೆ ಹೇಗೆ ಸ್ಪರ್ಧಿಸಿಯಾನು ಎಂದು ಕೆಲವರು. ಬಿಡಿ, ಅವನೂ ಜಾರಲಿ ಎಂದು ಕೆಲವರು. ಕಡೆಗೆ ಅವನಿಗಾಗಿಯೇ ಬೇರೊಂದು ವಿಭಾಗವನ್ನು ಮಾಡಿದರು. ಅದರಲ್ಲಿ ಅವನೊಬ್ಬನೇ ಸ್ಪರ್ಧಿ, ಅವನೇ ಗೆದ್ದ. ಇದನ್ನು ನಗೆಯ ಮಾತಾಗಿ ಹೇಳುವುದುಂಟು. ಆದರೆ ಮುಂದಿನ ಕಾಲವೆಲ್ಲ ಆ ಒಬ್ಬನ ವಿಭಾಗದೊಳಕ್ಕೇ ನಡೆದುಬಂದಿತು. ಬಿಡುಗಡೆಯಂತೆ ಕಂಡ ಬರಿಗಾಲ ಸವಾರಿಯಲ್ಲಿ ತಿರುವು ಸವಾರನ ಕೈಯಲ್ಲಿರಲಿಲ್ಲ; ಕಟ್ಟಿಕೊಂಡ ಮೇಲೆ ಹಲಗೆ ಅವನ ಮಾತನ್ನು ಕೇಳಿತು. ಆತ ೨೦೧೯ರಲ್ಲಿ ತೀರಿಕೊಂಡ. ಅಷ್ಟು ಹೊತ್ತಿಗೆ, ಒಂದು ಕಾಲದಲ್ಲಿ ಸ್ನೋಬೋರ್ಡನ್ನು ಸೇರಿಸದಿದ್ದ ಬೆಟ್ಟಗಳಲ್ಲಿ ಹೆಚ್ಚಿನವು ಬಾಗಿಲು ತೆರೆದಿದ್ದುವು. ೧೯೯೮ರ ನಗಾನೊ ಒಲಿಂಪಿಕ್ಸಿನಲ್ಲಿ ಆಟಕ್ಕೆ ಸ್ಥಾನ ದೊರೆತಿತ್ತು. ಯೂಟಾದ ಆಲ್ಟಾ, ವರ್ಮಾಂಟಿನ ಮ್ಯಾಡ್ ರಿವರ್ ಗ್ಲೆನ್‌ನಂಥ ಒಂದೆರಡು ಕಡೆ ಮಾತ್ರ ಇಂದಿಗೂ ಪ್ರವೇಶವಿಲ್ಲ.

ಹಿಂದಿರುಗುವಾಗ ಹುಡುಗ ಕಾರಿನಲ್ಲಿ ಒಂದು ವಾದ ಹೂಡಿದ. “ಮಾವ, ೨೦೧೮ರ ಒಲಿಂಪಿಕ್ಸಿನಲ್ಲಿ ಚೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಸ್ನೋಬೋರ್ಡಿನಲ್ಲೂ ಗೆದ್ದಳು, ಸ್ಕೀಯಲ್ಲೂ ಗೆದ್ದಳು. ಸ್ಕೀಯಲ್ಲಿ ಗೆದ್ದದ್ದು ಒಂದು ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ. ಆ ಸ್ಕೀಗಳು ಮೊದಲು ಮಿಕೇಲಾ ಶಿಫ್ರಿನ್‌ಳಿಗಾಗಿ ಇದ್ದವೆಂದು ಪತ್ರಿಕೆಗಳಲ್ಲಿ ಬಂದಿತ್ತು. ಎರವಲು ತಂದದ್ದರಿಂದಲೇ ಗೆಲ್ಲಬಹುದಲ್ಲ? ನಿಮ್ಮದೇನೂ ತಪ್ಪಿಲ್ಲ.” ನನ್ನನ್ನು ಬಿಡಿಸಲು ಅವನು ಹುಡುಕಿದ ದಾರಿಯದು. ಮುಂದೆ ಕುಳಿತಿದ್ದ ತಂಗಿ ಅಷ್ಟು ದಿನಗಳ ಮೇಲೆ ಬಾಯಿ ಬಿಟ್ಟಳು: “ಅವಳು ಸ್ಕೀ ಎರವಲು ತಂದಿರಬಹುದು ಕಣೋ. ಕಾಲನ್ನು ಎರವಲು ತಂದಿರಲಿಲ್ಲ.” ಮೂವರೂ ನಕ್ಕೆವು. ಆ ನಗೆಯಿಂದ ನನ್ನ ಎದೆ ಎಷ್ಟು ಹಗುರವಾಯಿತೆಂದು ಹೇಳಲಾರೆ.

ಆದರೂ ಇನ್ನೊಂದು ಮಾತನ್ನು ಅವನಿಗೆ ಹೇಳದೆ ಇರಲಾಗಲಿಲ್ಲ. ಅದನ್ನು ನನಗೆ ಹೇಳಿದವನು ಆ ಅಂಗಡಿಯ ಗಡ್ಡದವನೇ. ಎತ್ತುಯಂತ್ರಗಳಿಲ್ಲದ ಬೆಟ್ಟಗಳನ್ನು ಏರುವವರಿಗೆ ಉದ್ದಕ್ಕೆ ಸೀಳಿದ ಹಲಗೆಯೊಂದುಂಟು, ಸ್ಪ್ಲಿಟ್‌ಬೋರ್ಡ್ ಎನ್ನುತ್ತಾರೆ. ಏರುವಾಗ ಅದು ಎರಡು ಸ್ಕೀಗಳಾಗುತ್ತದೆ. ಅಡಿಗೆ ಹಿಂಜಾರದಂತೆ ತಡೆಯುವ ಪಟ್ಟಿಗಳನ್ನು ಅಂಟಿಸುತ್ತಾರೆ. ಶಿಖರದಲ್ಲಿ ಮತ್ತೆ ಜೋಡಿಸಿದರೆ ಒಂದೇ ಹಲಗೆ. ಪಾಪೆನ್ ಜೋಡಿಸಿದ್ದನ್ನು ಇವರು ಬಿಡಿಸಿ ಮತ್ತೆ ಜೋಡಿಸುತ್ತಾರೆ. ಇಂಥ ನಿರ್ಜನ ಬೆಟ್ಟಗಳ ಮೋಹಕ್ಕೆ ಬಿದ್ದವರಲ್ಲಿ ಕ್ರೇಗ್ ಕೆಲ್ಲಿ ಒಬ್ಬ. ವಿಶ್ವಪದವಿಗಳನ್ನು ಗೆದ್ದು, ಕೀರ್ತಿ ಏರುತ್ತಿರುವಾಗಲೇ ಸ್ಪರ್ಧೆಗಳನ್ನು ತೊರೆದು, ಪರ್ವತದ ಮಾರ್ಗದರ್ಶಕನಾಗಲು ಅಭ್ಯಾಸ ಮಾಡುತ್ತಿದ್ದವನು. ೨೦೦೩ರ ಜನವರಿ ೨೦ರಂದು ಕೆನಡದ ಬ್ರಿಟಿಷ್ ಕೊಲಂಬಿಯಾದಲ್ಲಿ ಹಿಮಪಾತಕ್ಕೆ ಸಿಕ್ಕಿ ಸತ್ತ ಏಳು ಜನರಲ್ಲಿ ಅವನೂ ಒಬ್ಬ. ಹಿಮದಡಿ ಹುಗಿದುಹೋದವರನ್ನು ಹುಡುಕುವ ಸಂಕೇತಯಂತ್ರ, ಚುಚ್ಚಿ ನೋಡುವ ಸಲಾಕೆ, ಸಲಿಕೆ, ಇವನ್ನು ಅಂಥ ಕಡೆಗೆ ಹೋಗುವವರೆಲ್ಲ ಹೊರಬೇಕು. ಆದರೆ ಸಲಕರಣೆ ಸವಾರನ ಮಾತನ್ನು ಹಲಗೆಗೆ ತಲಪಿಸೀತೇ ಹೊರತು ಬೆಟ್ಟಕ್ಕೆ ತಲಪಿಸಲಾರದು.

ಹುಡುಗ ಕೇಳಿ ಸುಮ್ಮನಿದ್ದ. ನಾನು ಊರಿಗೆ ಮರಳುವ ಮುನ್ನ ಅವನ ಕೈಯಲ್ಲಿ ಒಂದಿಷ್ಟು ಹಣವಿಟ್ಟೆ. “ಬೇಡ ಮಾವ, ನಾನೇ ದುಡಿಯುತ್ತೇನೆ” ಎಂದ. ತಂಗಿಯ ಮುಖ ನೋಡಿದೆ. “ಆಡಬೇಡ ಅಂದರೆ ಕೇಳುವನೇನಣ್ಣ? ಆಡುವುದಾದರೆ ಸರಿಯಾಗಿ ಕಟ್ಟಿಕೊಂಡು ಆಡಲಿ” ಎಂದಳು. ಅವನು ಹಣ ತೆಗೆದುಕೊಂಡ.

ಮರುವರ್ಷದ ಚಳಿಗಾಲದಲ್ಲಿ ಅವನು ಒಂದು ಚಿತ್ರ ಕಳುಹಿಸಿದ. ಗುಡ್ಡದ ನೆತ್ತಿಯಲ್ಲಿ ಕುಳಿತಿದ್ದಾನೆ. ತಲೆಗೆ ಹೆಲ್ಮೆಟ್, ಮಣಿಕಟ್ಟಿಗೆ ಕವಚ, ಕಾಲಿಗೆ ಹೊಸ ಬೂಟು. ಹಲಗೆಯಲ್ಲಿ ಹುಲಿ ಇರಲಿಲ್ಲ. ಅದನ್ನು ಮಾರಿ, ಚಿತ್ರವೇ ಇಲ್ಲದ, ಮೆದುವಾದ ಹಳೆಯ ಹಲಗೆಯೊಂದನ್ನು ಕೊಂಡಿದ್ದ. ಚಿತ್ರದ ಕೆಳಗೆ ತಪ್ಪುತಪ್ಪು ಕನ್ನಡದಲ್ಲಿ ಬರೆದಿದ್ದ: “ಮಾವ, ಬೂಟು ಬಿಗಿ ಇದೆ. ಕಾಲುಚೀಲ ಒಂದೆ.” ಕಾಗುಣಿತದ ತಪ್ಪನ್ನು ನಾನು ತಿದ್ದಲಿಲ್ಲ.