ಪ್ಯಾಟ್ರಿಕ್ ಸೆರ್ಕು

ಪ್ಯಾಟ್ರಿಕ್ ಸೆರ್ಕು (27 ಜೂನ್ 1944 – 19 ಏಪ್ರಿಲ್ 2019) ಬೆಲ್ಜಿಯಂ ದೇಶದ ವೃತ್ತಿಪರ ಸೈಕಲ್ ಪಟು. ರಸ್ತೆ ಸ್ಪರ್ಧೆ ಮತ್ತು ಟ್ರ್ಯಾಕ್ ಸ್ಪರ್ಧೆ ಎರಡರಲ್ಲೂ ಅಗ್ರಸ್ಥಾನ ಪಡೆದ ವಿರಳ ಕ್ರೀಡಾಪಟುಗಳಲ್ಲಿ ಇವರೂ ಒಬ್ಬರು. ಒಟ್ಟು 88 'ಆರು ದಿನಗಳ ಸ್ಪರ್ಧೆ'ಗಳನ್ನು ಗೆದ್ದು ದಾಖಲೆ ಸ್ಥಾಪಿಸಿದ್ದಾರೆ.

ಆರಂಭಿಕ ಜೀವನ

ಸೆರ್ಕು ಪಶ್ಚಿಮ ಫ್ಲಾಂಡರ್ಸ್ ಪ್ರಾಂತ್ಯದ ರೂಸೆಲಾರೆ ಪಟ್ಟಣದಲ್ಲಿ ಜನಿಸಿದರು. ತಂದೆ ಆಲ್ಬರ್ಟ್ ಸೆರ್ಕು ಅವರೂ ವೃತ್ತಿಪರ ಸೈಕಲ್ ಪಟುವಾಗಿದ್ದರು. 1963ರಲ್ಲಿ ಸೆರ್ಕು ಹವ್ಯಾಸಿಗಳ ವಿಭಾಗದಲ್ಲಿ ಸ್ಪ್ರಿಂಟ್ ವಿಶ್ವಚಾಂಪಿಯನ್ ಆದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 1 ಕಿಲೋಮೀಟರ್ ಟೈಮ್ ಟ್ರಯಲ್ ಸ್ಪರ್ಧೆಯನ್ನು 1 ನಿಮಿಷ 9.59 ಸೆಕೆಂಡುಗಳಲ್ಲಿ ಪೂರೈಸಿ ಚಿನ್ನದ ಪದಕ ಪಡೆದರು. ಎರಡನೆಯ ಸ್ಥಾನ ಪಡೆದ ಇಟಲಿಯ ಜಿಯೊವನ್ನಿ ಪೆಟ್ಟೆನೆಲ್ಲಾ ಅವರಿಗಿಂತ ಅವರು ಮುಂದಿದ್ದದ್ದು ಕೇವಲ ಅರ್ಧ ಸೆಕೆಂಡು. ವೃತ್ತಿಪರರಾದ ಮೇಲೆ 1967 ಮತ್ತು 1969ರಲ್ಲಿ ಪುನಃ ಸ್ಪ್ರಿಂಟ್ ವಿಶ್ವಪ್ರಶಸ್ತಿಯನ್ನು ಗೆದ್ದರು.

ಆರು ದಿನಗಳ ಸ್ಪರ್ಧೆಗಳು

ಚಳಿಗಾಲದಲ್ಲಿ ಯೂರೋಪಿನ ನಗರಗಳ ಒಳಾಂಗಣಗಳಲ್ಲಿ, ಇಳಿಜಾರಾದ ಮರದ ಟ್ರ್ಯಾಕ್ ಮೇಲೆ ಈ ಸ್ಪರ್ಧೆಗಳು ನಡೆಯುತ್ತವೆ. ಸಾಮಾನ್ಯವಾಗಿ ಒಂದು ತಂಡದಲ್ಲಿ ಇಬ್ಬರು ಸವಾರರಿರುತ್ತಾರೆ. ಇದರ ಮುಖ್ಯ ಭಾಗವಾದ 'ಮ್ಯಾಡಿಸನ್' ಪಂದ್ಯದಲ್ಲಿ ಒಬ್ಬನು ವೇಗವಾಗಿ ಓಡಿಸುವಾಗ ಮತ್ತೊಬ್ಬನು ಟ್ರ್ಯಾಕಿನ ಮೇಲಂಚಿನಲ್ಲಿ ನಿಧಾನವಾಗಿ ಸುತ್ತುತ್ತ ದಣಿವಾರಿಸಿಕೊಳ್ಳುತ್ತಾನೆ. ಬಳಿಕ ಕೈ ಹಿಡಿದು ಮುಂದಕ್ಕೆ ಎಸೆಯುವ ಮೂಲಕ ಸಂಗಾತಿಯನ್ನು ಪಂದ್ಯಕ್ಕೆ ಇಳಿಸಲಾಗುತ್ತದೆ. ಇದಕ್ಕೆ ವೇಗದಷ್ಟೇ ಹೊಂದಾಣಿಕೆಯೂ ಅಗತ್ಯ. 1965ರಲ್ಲಿ ಸೆರ್ಕು, ಎಡ್ಡಿ ಮರ್ಕ್ಸ್ ಅವರೊಡನೆ ಘೆಂಟ್ ನಗರದ ಸ್ಪರ್ಧೆಯನ್ನು ಗೆದ್ದರು. ತಮ್ಮ ವೃತ್ತಿಜೀವನದಲ್ಲಿ ಇಂತಹ 223 ಸ್ಪರ್ಧೆಗಳಲ್ಲಿ ಅವರು ಭಾಗವಹಿಸಿದರು. ಪೀಟರ್ ಪೋಸ್ಟ್, ರೆನೆ ಪೈನೆನ್ ಮೊದಲಾದವರೂ ಅವರ ಸಂಗಾತಿಗಳಾಗಿದ್ದರು.

ರಸ್ತೆ ಸ್ಪರ್ಧೆಗಳು

ಟ್ರ್ಯಾಕ್ ಸ್ಪ್ರಿಂಟ್‌ಗೆ ಬೇಕಾದುದು ಕ್ಷಣಮಾತ್ರದ ಸ್ಫೋಟಕ ಶಕ್ತಿ. ವಾರಗಟ್ಟಲೆ ನಡೆಯುವ ರಸ್ತೆ ಸ್ಪರ್ಧೆಗೆ ಬೇಕಾದುದು ತಾಳಿಕೆ. ಮೇಲಾಗಿ, ಪರ್ವತದ ಹಂತಗಳನ್ನು ನಿಗದಿತ ಸಮಯದೊಳಗೆ ಮುಗಿಸದ ಸವಾರನು ಸ್ಪರ್ಧೆಯಿಂದಲೇ ಹೊರಬೀಳುತ್ತಾನೆ. ಆದುದರಿಂದ ಸ್ಪ್ರಿಂಟ್ ಪಟುಗಳಿಗೆ ಪರ್ವತಗಳೇ ದೊಡ್ಡ ಪರೀಕ್ಷೆ. 1974ರ ಟೂರ್ ಡಿ ಫ್ರಾನ್ಸ್‌ನಲ್ಲಿ ಸೆರ್ಕು ಈ ಪರೀಕ್ಷೆಯನ್ನು ದಾಟಿ ಪ್ಯಾರಿಸ್ ತಲುಪಿದ್ದಲ್ಲದೆ, ಅಂಕಗಳ ವಿಭಾಗದ ವಿಜೇತರಿಗೆ ನೀಡುವ ಹಸಿರು ಅಂಗಿಯನ್ನೂ ಪಡೆದರು. ಆ ವರ್ಷದ ಒಟ್ಟಾರೆ ವಿಜೇತರಾದ ಮರ್ಕ್ಸ್ ಈ ವಿಭಾಗದಲ್ಲಿ ಅವರ ಹಿಂದೆ ಎರಡನೆಯವರಾಗಿ ಉಳಿದರು. ಟ್ರ್ಯಾಕಿನ ಮೇಲೆ ಜೊತೆಗಾರರಾಗಿದ್ದವರೇ ರಸ್ತೆಯ ಮೇಲೆ ಎದುರಾಳಿಗಳಾಗಿದ್ದರು. ಸೆರ್ಕು ಟೂರ್ ಡಿ ಫ್ರಾನ್ಸ್‌ನಲ್ಲಿ ಒಟ್ಟು 6 ಹಂತಗಳನ್ನೂ ಜಿರೊ ಡಿ ಇಟಾಲಿಯಾದಲ್ಲಿ 13 ಹಂತಗಳನ್ನೂ ಗೆದ್ದಿದ್ದಾರೆ.

ನಿವೃತ್ತಿ ಮತ್ತು ನಿಧನ

1983ರಲ್ಲಿ ನಿವೃತ್ತರಾದ ಸೆರ್ಕು, ಅನಂತರ ಘೆಂಟ್‌ನ ಆರು ದಿನಗಳ ಸ್ಪರ್ಧೆಯ ಸಂಘಟಕರಾಗಿ ದುಡಿದರು. 2019ರಲ್ಲಿ ತಮ್ಮ 74ನೆಯ ವಯಸ್ಸಿನಲ್ಲಿ ನಿಧನರಾದರು.