ಬಣ್ಣದ ಈಜುಕೊಳಕ್ಕೆ ನೀರಿನ ಹದ

ಬಣ್ಣ ಬಳಿದ ಕಾಂಕ್ರೀಟ್ ಈಜುಕೊಳದ ಗೋಡೆಯನ್ನು ನೀರಿನೊಳಗೇ ಅಂಗೈಯಿಂದ ಉಜ್ಜಿ ನೋಡಿ. ಕೈಗೆ ತಿಳಿನೀಲಿ ಪುಡಿ ಅಂಟಿದರೆ, ಉಜ್ಜಿದ ಕಡೆ ನೀರು ಮಬ್ಬಾದರೆ, ಬಣ್ಣ ಕಳಚಿಕೊಳ್ಳಲು ಶುರುವಾಗಿದೆ. ಇಂಥ ಹೊತ್ತಿನಲ್ಲಿ ಬೈಗುಳ ಬೀಳುವುದು ಬಣ್ಣ ಹೊಡೆದವರ ಮೇಲೆ. ಬಿಸಿಲಿಗೂ ಬಣ್ಣ ಪುಡಿಯಾಗುತ್ತದೆ, ಕಾಂಕ್ರೀಟನ್ನು ಸರಿಯಾಗಿ ಉಜ್ಜಿ ತೊಳೆಯದೆ ಬಳಿದರೂ ಏಳುತ್ತದೆ, ನಿಜ. ಆದರೆ ಒಂದೆರಡು ವರ್ಷದಲ್ಲೇ ಇಡೀ ಕೊಳ ಪುಡಿ ಬಿಡುತ್ತಿದೆ ಎಂದರೆ ಮೊದಲು ಪರೀಕ್ಷೆ ಮಾಡಬೇಕಾದದ್ದು ನೀರನ್ನೇ.

ಕೊಳ ನೋಡಿಕೊಳ್ಳುವವರ ಗಮನವೆಲ್ಲ ಕ್ಲೋರಿನ್ ಕಡೆಗೆ. ರೋಗಾಣು, ಪಾಚಿ ಸಾಯಬೇಕಾದರೆ ಅದು ಬೇಕೇ ಬೇಕು. ಗೋಡೆಯನ್ನು ಕಾಯುವುದು ಮಾತ್ರ ಬೇರೆ ಮೂರು: ಕ್ಷಾರೀಯತೆ, ಪಿಎಚ್, ಗಡಸುತನ. ಸರಿಪಡಿಸುವಾಗಲೂ ಇದೇ ಕ್ರಮ ಇರಲಿ. ಕ್ಷಾರೀಯತೆ ಕಡಿಮೆಯಿದ್ದಾಗ ಪಿಎಚ್ ಮುಟ್ಟಿದರೆ ಇವತ್ತು 7ಕ್ಕೆ ಇಳಿದದ್ದು ನಾಳೆ 8ಕ್ಕೆ ಏರಿರುತ್ತದೆ. ಪಿಎಚ್ ಅನ್ನು ನಿಂತಲ್ಲಿ ನಿಲ್ಲಿಸುವುದೇ ಕ್ಷಾರೀಯತೆ. ಅದು 80ರಿಂದ 120 ಪಿಪಿಎಂ ಇರಬೇಕು, ಪಿಎಚ್ 7.2ರಿಂದ 7.6ರೊಳಗೆ. ಗಡಸುತನ 200 ಪಿಪಿಎಂ ಆಸುಪಾಸಿನಲ್ಲಿದ್ದರೆ ಬಣ್ಣದ ಕೊಳಕ್ಕೆ ಧಾರಾಳವಾಯಿತು. ಬರಿ ಸಿಮೆಂಟ್ ಗಿಲಾವಿನ ಕೊಳಕ್ಕೆ ಹೇಳುವ 300, 400ರ ಬೆನ್ನು ಹತ್ತಬೇಕಿಲ್ಲ. ಹಾಗೆಂದು ಗಡಸುತನ ಲೆಕ್ಕಕ್ಕೇ ಇಲ್ಲ ಎಂದುಕೊಳ್ಳುವುದೂ ತಪ್ಪು. ಬಣ್ಣದಲ್ಲಿ ಸೂಜಿಮೊನೆಯಷ್ಟು ತೂತು, ಕೂದಲೆಳೆಯ ಬಿರುಕು ಇದ್ದೇ ಇರುತ್ತವೆ, ಅಂಚಿನ ಟೈಲ್‌ಗಳ ಸಂದಿಯಲ್ಲಿ ಸಿಮೆಂಟ್ ಬಯಲಾಗಿರುತ್ತದೆ. ಸುಣ್ಣದಂಶವಿಲ್ಲದ ನೀರು ಅಲ್ಲಿಂದಲೇ ತಿನ್ನಲು ತೊಡಗುತ್ತದೆ.

ನೀರು ತಿನ್ನುತ್ತದೆಯೋ, ಸುಣ್ಣ ಕಟ್ಟುತ್ತದೆಯೋ ಎಂದು ಅಳೆಯಲು ಒಂದು ಸರಳ ಲೆಕ್ಕವಿದೆ. ಅಮೆರಿಕದ ವಿಲ್ಫ್ರೆಡ್ ಲ್ಯಾಂಗ್ಲಿಯರ್ 1936ರಲ್ಲಿ ನಗರದ ನೀರಿನ ಕೊಳವೆಗಳು ಸವೆಯುವುದನ್ನು ತಡೆಯಲೆಂದು ರೂಪಿಸಿದ್ದು ಇದು. ಈಜುಕೊಳದವರು ಬಳಸುವ ರೂಪ ಹೀಗಿದೆ: ಪಿಎಚ್‌ಗೆ ಉಷ್ಣಾಂಶ, ಗಡಸುತನ, ಕ್ಷಾರೀಯತೆಗಳಿಗೆ ಕೋಷ್ಟಕದಲ್ಲಿ ಕೊಟ್ಟಿರುವ ಗುಣಾಂಕ ಕೂಡಿಸಿ 12.1 ಕಳೆಯಬೇಕು. ಉತ್ತರ −0.3ರಿಂದ +0.3ರೊಳಗೆ ಬಂದರೆ ಹದ.

ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳ ಕೊಳವನ್ನೇ ತೆಗೆದುಕೊಳ್ಳೋಣ. ತೊರೆಯ ಅಥವಾ ತೆರೆದ ಬಾವಿಯ ಮೆದು ನೀರು. ಪಿಎಚ್ 7, ಗಡಸುತನ 30, ಕ್ಷಾರೀಯತೆ 40, ಉಷ್ಣಾಂಶ 24 ಡಿಗ್ರಿ ಎಂದಿಟ್ಟುಕೊಂಡರೆ ಗುಣಾಂಕಗಳು 0.6, 1.1, 1.6. ಲೆಕ್ಕ −1.8ಕ್ಕೆ ಹೋಗಿ ನಿಲ್ಲುತ್ತದೆ. ಕಣ್ಣಿಗೆ ಸ್ಫಟಿಕದಂತೆ ಕಾಣುವ ಈ ನೀರೇ ಬಣ್ಣಕ್ಕೂ ಸಿಮೆಂಟಿಗೂ ದೊಡ್ಡ ಶತ್ರು. ಗಡಸುತನ 400, ಕ್ಷಾರೀಯತೆ 300, ಪಿಎಚ್ 8 ಇರುವ ಬೋರ್‌ವೆಲ್ ನೀರು 29 ಡಿಗ್ರಿಯಲ್ಲಿ +1.3 ತೋರಿಸುತ್ತದೆ. ಅದು ಬಣ್ಣವನ್ನು ತಿನ್ನುವುದಿಲ್ಲ, ಅದರ ಮೇಲೆ ಮರಳು ಕಾಗದದಂಥ ಬಿಳಿ ಪದರ ಕಟ್ಟುತ್ತದೆ, ಫಿಲ್ಟರನ್ನೂ ಕಟ್ಟಿಸುತ್ತದೆ.

ಮೆದು ನೀರಿನ ಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳ ಎಂದರೆ 40,000 ಲೀಟರ್. ಕ್ಷಾರೀಯತೆ 10 ಪಿಪಿಎಂ ಏರಲು ಸುಮಾರು 670 ಗ್ರಾಂ ಅಡುಗೆ ಸೋಡಾ ಸಾಕು, 40ರಿಂದ 100ಕ್ಕೆ ಹೋಗಲು 4 ಕಿಲೋ. ವಾಷಿಂಗ್ ಸೋಡಾ ಬೇಡ, ಅದು ಪಿಎಚ್ ಅನ್ನು ಒಮ್ಮೆಲೇ ಎತ್ತಿಬಿಡುತ್ತದೆ. ಸೋಡಾ ಹಾಕಿ ಪಂಪ್ ಓಡಿಸಿ, ಮರುದಿನ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ. ಎರಡನ್ನೂ ಒಟ್ಟಿಗೆ ಸುರಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಗಡಸುತನ 30ರಿಂದ 200ಕ್ಕೆ ಏರಲು ಸುಮಾರು 10 ಕಿಲೋ ಕ್ಯಾಲ್ಸಿಯಂ ಕ್ಲೋರೈಡ್ ಹಳಕು ಬೇಕು. ಇದನ್ನು ಎರಡು ಮೂರು ದಿನಕ್ಕೆ ಹಂಚಿ, ಬಕೆಟ್ ನೀರಿನಲ್ಲಿ ಕರಗಿಸಿ ಸುರಿಯಬೇಕು. ಕರಗುವಾಗ ಬಕೆಟ್ ಕೈಸುಡುವಷ್ಟು ಬಿಸಿಯಾಗುತ್ತದೆ, ಜೋಪಾನ. ಇಷ್ಟಾದ ಮೇಲೆ ಪಿಎಚ್ 7.5ಕ್ಕೆ ಬಂದರೆ ಲೆಕ್ಕ −0.1.

ಗಡಸು ನೀರಿನವರ ಆಯುಧ ಹೈಡ್ರೋಕ್ಲೋರಿಕ್ ಆಮ್ಲ. ಇಷ್ಟೇ ದೊಡ್ಡ ಕೊಳದಲ್ಲಿ ಕ್ಷಾರೀಯತೆ 10 ಪಿಪಿಎಂ ಇಳಿಯಲು ಅಂಗಡಿಯಲ್ಲಿ ಸಿಗುವ ಗಾಢ ಆಮ್ಲ ಸುಮಾರು 800 ಮಿಲಿ ಲೀಟರ್. ಆಮ್ಲ ನೀರಿಗಿಂತ ಭಾರ. ಒಂದೇ ಕಡೆ ಸುರಿದರೆ ನೇರ ತಳಕ್ಕಿಳಿದು ಅಲ್ಲಿನ ಬಣ್ಣವನ್ನು ಸುಡುತ್ತದೆ. ಬಕೆಟ್ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಲೇಬಾರದು. ಪಂಪ್ ಓಡುತ್ತಿರುವಾಗ ಸುತ್ತ ನಡೆಯುತ್ತಾ ತೆಳ್ಳಗೆ ಹೊಯ್ಯಿರಿ. ಆಮ್ಲ ಹಾಕಿದಾಗ ಪಿಎಚ್ ಕೂಡ ಕುಸಿಯುತ್ತದೆ. ಅದನ್ನು ಏರಿಸಲು ಮತ್ತೆ ಸೋಡಾ ಹಾಕಿದರೆ ಮಾಡಿದ ಕೆಲಸವೆಲ್ಲ ದಂಡ. ನೀರು ಒಳಬರುವ ಬಾಯಿಯನ್ನು ಮೇಲ್ಮುಖ ಮಾಡಿ ಮೇಲ್ಮೈ ಕುದಿದಾಡುವಂತೆ ಬಿಡಿ. ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ತಾನಾಗಿ ಏರುತ್ತದೆ, ಕ್ಷಾರೀಯತೆ ಇಳಿದಲ್ಲೇ ಉಳಿಯುತ್ತದೆ.

ಕ್ಲೋರಿನ್ 1ರಿಂದ 3 ಪಿಪಿಎಂ ಸಾಕು. ಪಿಎಚ್ 7.5ರಲ್ಲಿ ಹಾಕಿದ ಕ್ಲೋರಿನ್‌ನ ಅರ್ಧದಷ್ಟು ಪ್ರಬಲ ರೂಪದಲ್ಲಿರುತ್ತದೆ, 8ರಲ್ಲಿ ಕಾಲುಭಾಗ ಮಾತ್ರ. ಕಣ್ಣು ಉರಿದರೆ, ವಾಸನೆ ಅಡರಿದರೆ ಕ್ಲೋರಿನ್ ಹೆಚ್ಚಾಯಿತು ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ಬೆವರು, ಮೂತ್ರದೊಂದಿಗೆ ಬೆರೆತು ಶಕ್ತಿ ಕಳೆದುಕೊಂಡ ಕ್ಲೋರಿನ್. ಹಳದಿ ಬಣ್ಣ ಬರುವ ಅಗ್ಗದ ಕಿಟ್ ಶಕ್ತಿಯಿರುವ ಕ್ಲೋರಿನ್, ಶಕ್ತಿ ಕಳೆದುಕೊಂಡದ್ದು ಎರಡನ್ನೂ ಸೇರಿಸಿ ತೋರಿಸುತ್ತದೆ, ಹಾಗಾಗಿ ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ಟನ್ನೇ ಕೊಳ್ಳಿ. ಟಿಸಿಸಿಎ ಎಂಬ ಕ್ಲೋರಿನ್ ಬಿಲ್ಲೆಗಳನ್ನು ಕೊಳದ ತಳಕ್ಕೆ ಎಸೆಯುವ ಅಭ್ಯಾಸವನ್ನು ಇಂದೇ ನಿಲ್ಲಿಸಬೇಕು. ಅವು ತೀರಾ ಆಮ್ಲೀಯ, ಬಿದ್ದಲ್ಲಿ ಬಣ್ಣ ಬೆಳ್ಳಗಾಗುತ್ತದೆ. ತೇಲುವ ಡಬ್ಬಿಯಲ್ಲಿಡಿ. ಬ್ಲೀಚಿಂಗ್ ಪೌಡರನ್ನಾದರೆ ಕರಗಿಸಿ, ಗಸಿ ತಳದಲ್ಲಿ ಕೂತ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. ಆಮ್ಲ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ವಿಷಾನಿಲ ಏಳುತ್ತದೆ. ಟಿಸಿಸಿಎ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಡಬ್ಬಿ ಕಂಡರೆ ಬೆಂಕಿ, ಸ್ಫೋಟವೂ ಆಗಬಹುದು. ಒಂದು ಮಗ್ಗನ್ನೂ ಎರಡಕ್ಕೆ ಬಳಸಬೇಡಿ.

ಮಲೆನಾಡಿನ ಮಳೆಗಾಲ ಈ ಲೆಕ್ಕವನ್ನೆಲ್ಲ ಅಳಿಸುತ್ತದೆ. ಜೂನ್‌ನಿಂದ ಕೊಳ ತುಂಬಿ ಹೊರಚೆಲ್ಲುತ್ತಾ, ಹಾಕಿದ ಸೋಡಾ, ಕ್ಯಾಲ್ಸಿಯಂ ಎರಡೂ ಹರಿದುಹೋಗುತ್ತವೆ. ಅತಿಥಿಗಳಿಲ್ಲವೆಂದು ಪರೀಕ್ಷೆ ನಿಲ್ಲಿಸುವುದೂ ಆಗಲೇ. ಬಣ್ಣ ಹೆಚ್ಚು ಸವೆಯುವುದು ಈ ತಿಂಗಳುಗಳಲ್ಲಿ. ವಾರಕ್ಕೊಮ್ಮೆಯಾದರೂ ಕ್ಷಾರೀಯತೆ ನೋಡಿ ಅಡುಗೆ ಸೋಡಾ ಹಾಕುತ್ತಿರಬೇಕು.

ಬಣ್ಣ ಹಾಳಾಯಿತೆಂದು ಮಳೆಗಾಲದಲ್ಲಿ ಕೊಳ ಖಾಲಿ ಮಾಡಬೇಡಿ. ಅಂತರ್ಜಲ ಮೇಲೆ ಬಂದಿದ್ದರೆ ಕೆಳಗಿನ ಒತ್ತಡಕ್ಕೆ ಖಾಲಿ ಕಾಂಕ್ರೀಟ್ ತೊಟ್ಟಿ ಬಿರಿಯುತ್ತದೆ, ಇಡಿಯಾಗಿ ಮೇಲೇಳುವುದೂ ಉಂಟು. ಬೇಸಿಗೆಗೆ ಕಾಯಿರಿ. ಹಳೆಯದು ಎಪಾಕ್ಸಿಯೋ ಕ್ಲೋರಿನೇಟೆಡ್ ರಬ್ಬರೋ ತಿಳಿದುಕೊಂಡು ಅದೇ ಜಾತಿಯ ಬಣ್ಣ ಬಳಿಯಿರಿ. ಒಣಗಲು ತಯಾರಕರು ಹೇಳಿದಷ್ಟು ದಿನ ಪೂರ್ತಿ ಬಿಡಿ. ತುಂಬಿದ ದಿನವೇ ಕ್ಷಾರೀಯತೆ ಅಳೆದು ಸರಿಪಡಿಸಿ, ಕ್ಲೋರಿನ್ ಆಮೇಲೆ.